ಬಿಲ್ಲೆ ಇಲ್ಲದವರ ಮತ

ಮಾರ್ಚ್ 4, ಸೋಮವಾರ

ಅತ್ತೆಯವರಿಗೆ,

ನೀವು ಮಾಡಿದ್ದು ತಪ್ಪು. ಕೂಲಿ ಇಳಿಸುವ ಒಪ್ಪಂದಕ್ಕೆ ಕೂಲಿಗಾರರ ಪಕ್ಷದ ಶಾಸಕಿ ಸಹಿ ಹಾಕಿದ್ದು ತಪ್ಪು. ವರ್ತಕರ ಪಕ್ಷದ ಮುಖಂಡನ ಪಕ್ಕದಲ್ಲಿ ಕೂತು ಹಾಕಿದ್ದು ಇನ್ನೂ ದೊಡ್ಡ ತಪ್ಪು. ಹಾಕಿದ ಮೇಲೆ ನಕ್ಕಿರಲ್ಲ, ಅದಕ್ಕೆ ಏನು ಹೆಸರಿಡಬೇಕೋ ನನಗೆ ತಿಳಿಯದು.

ಪತ್ರಿಕೆಯಲ್ಲಿ ಚಿತ್ರ ಬಂದಿದೆ. ಅಣ್ಣ ಅದನ್ನು ಊಟದ ಹೊತ್ತಿಗೆ ತಂದು ನನ್ನ ತಟ್ಟೆಯ ಪಕ್ಕ ಇಟ್ಟ. "ನೋಡೇ, ನಿನ್ನ ಅತ್ತೆಗೆ ಇನ್ನೂ ಹಲ್ಲು ಗಟ್ಟಿಯಾಗೇ ಇದಾವೆ" ಅಂದ. ಅತ್ತಿಗೆ ನಕ್ಕಳು. ನಾನು ತಟ್ಟೆ ಸರಿಸಿ ಎದ್ದೆ.

ಇಷ್ಟು ವರ್ಷ ನಿಮ್ಮನ್ನು ನೀನು ಎನ್ನುತ್ತಿದ್ದೆ. ಈ ಬಾಟಲಿ ಕಾರ್ಖಾನೆಯ ಗೇಟಿನ ಮುಂದೆ ನಿಂತು, ಮಾಲೀಕರ ಕಾರು ಒಳಗೆ ಬರದಂತೆ ಅಡ್ಡ ಮಲಗಿದ ಅತ್ತೆಗೆ ಆ ಮಾತು. ರಾಜಧಾನಿಯಲ್ಲಿ ಮೆತ್ತನೆ ಕುರ್ಚಿಯ ಮೇಲೆ ಕೂತವರಿಗೆ ನೀವು ಎನ್ನುವುದೇ ಸರಿ.

ನೀವು ಊರು ಬಿಟ್ಟು ಹೋಗುವಾಗ ಮಂಚದ ಕೆಳಗೆ ಒಂದು ತಗಡಿನ ಪೆಟ್ಟಿಗೆ ಬಿಟ್ಟು ಹೋದಿರಿ. ಅದರ ತುಂಬ ಕರಪತ್ರ. ಉಳಿದ ಹುಡುಗಿಯರು ಕಥೆಪುಸ್ತಕ ಓದುವ ವಯಸ್ಸಿನಲ್ಲಿ ನಾನು ಅದನ್ನು ಓದಿದೆ. ಶಾಲೆಯಲ್ಲಿ ಯಾರೂ ಹೇಳಿಕೊಡದ ಅರ್ಥಶಾಸ್ತ್ರವನ್ನು ಅದರಿಂದ ಕಲಿತೆ. ಅದರಲ್ಲಿ ಹಳದಿ ಕಾಗದದ್ದೊಂದು ನೀವೇ ಬರೆದದ್ದು. "ಅರ್ಧ ಗೆಲುವು ಎಂದರೆ ಪೂರ್ತಿ ಸೋಲು, ಕಂತಿನಲ್ಲಿ." ಇದು ನಿಮ್ಮ ವಾಕ್ಯ. ಈಗ ಮೊದಲನೇ ಕಂತು ಕಟ್ಟಿದ್ದೀರಿ. ಎರಡನೆಯದು ಯಾವಾಗ?

ಇಲ್ಲಿ ಹದಿನೇಳನೇ ತಾರೀಖು ಸಂಘದ ಸಭೆ. ನಿಮ್ಮ ಒಪ್ಪಂದ ಬೇಕೋ ಬೇಡವೋ ಎಂದು ಅಂದೇ ಮತ. ನನ್ನನ್ನು ಮಾತಾಡಲು ಕರೆದಿದ್ದಾರೆ. ಮಾತಾಡುತ್ತೇನೆ. ಬೆನ್ನ ಹಿಂದೆ ಮಾತಾಡಿದಳು ಎನ್ನಬಾರದೆಂದು ಮುಂಚೆಯೇ ತಿಳಿಸುತ್ತಿದ್ದೇನೆ.

ಸೂಜಿ


ಮಾರ್ಚ್ 9, ಶನಿವಾರ

ಸೂಜಿ,

"ಅತ್ತೆಯವರಿಗೆ" ಎಂದು ಓದಿ, ನನ್ನ ಹಿಂದೆ ಬೇರೆ ಯಾರಾದರೂ ಅತ್ತೆ ನಿಂತಿದ್ದಾರಾ ಎಂದು ತಿರುಗಿ ನೋಡಿದೆ. ಯಾರೂ ಇರಲಿಲ್ಲ. ಸರಿ, ನಾನೇ ಓದಿಕೊಂಡೆ.

ಮೊದಲು ಆ ನಗುವಿನ ಸಂಗತಿ. ಸಹಿ ಹಾಕುವಾಗ ಆ ಮುಖಂಡ ನನ್ನ ಕಿವಿಯಲ್ಲಿ, "ಅಮ್ಮಾ, ಸಂಜೆ ಹೊತ್ತಿಗೆ ನಮ್ಮೋರು ನನ್ನ ಸುಡ್ತಾರೆ, ನಿಮ್ಮೋರು ನಿಮ್ಮನ್ನ. ಕಟ್ಟಿಗೆ ಒಟ್ಟಿಗೇ ತರಿಸಿದ್ರೆ ಅಗ್ಗ" ಅಂದ. ನಗು ಬಂತು. ಶತ್ರು ಹೇಳಿದರೂ ಹಾಸ್ಯ ಹಾಸ್ಯವೇ. ಅವನು ಹೇಳಿದ್ದು ನಿಜವಾಯಿತು ನೋಡು, ಮೊದಲ ಕೊಳ್ಳಿ ನನ್ನ ಮನೆಯಿಂದಲೇ ಬಂತು.

ಈಗ ಒಪ್ಪಂದ. ಪತ್ರಿಕೆಯಲ್ಲಿ ಅರ್ಧ ಬಂದಿದೆ, ಪೂರ್ತಿ ಕೇಳು. ವಾರಕ್ಕೆ ಆರು ದಿನದ ಕೆಲಸ ನಾಲ್ಕು ದಿನಕ್ಕೆ ಇಳಿಯುತ್ತದೆ, ಕೂಲಿ ಐದು ದಿನದ್ದು. ಎರಡು ವರ್ಷ ಕೂಲಿ ಏರಿಕೆ ಇಲ್ಲ. ನಾವು ಬಿಟ್ಟುಕೊಟ್ಟದ್ದು ಇಷ್ಟು. ಇದಕ್ಕೆ ಪ್ರತಿಯಾಗಿ, ಬೆಂಕಿ ಆರಿಸಿ ಮುಚ್ಚಿದ ಕುಲುಮೆಯನ್ನು ಮಾಲೀಕರು ಮತ್ತೆ ಹೊತ್ತಿಸಬೇಕು, ಹೊರಗೆ ಕಳಿಸಿದವರಲ್ಲಿ ಒಬ್ಬರನ್ನೂ ಬಿಡದೆ ವಾಪಸ್ ತೆಗೆದುಕೊಳ್ಳಬೇಕು. ಹಾಗೆ ಮಾಡಿದ ಕಾರ್ಖಾನೆಗೆ ತೆರಿಗೆಯಲ್ಲಿ ರಿಯಾಯಿತಿ. ಕಾರಣ ಹೇಳದೆ ಕೆಲಸದಿಂದ ತೆಗೆಯುವ ಅಧಿಕಾರ ಬೇಕು ಎಂದು ವರ್ತಕರ ಪಕ್ಷ ಹತ್ತು ವರ್ಷದಿಂದ ಕೂಗುತ್ತಿತ್ತಲ್ಲ, ಅದನ್ನು ಅವರು ಕೈಬಿಟ್ಟರು.

ನೀನು ಕಲಿತ ಕರಪತ್ರಗಳಿಗೆ ಒಂದೇ ಮಡಿಕೆ. ಕಾನೂನಿಗೆ ಹತ್ತು ಮಡಿಕೆ. ಬಿಡಿಸುವಾಗ ಒಂದಿಷ್ಟು ಹರಿಯುತ್ತದೆ.

ಗಡುವು ಏಪ್ರಿಲ್ ಮೂವತ್ತು. ಅಷ್ಟರೊಳಗೆ ಒಪ್ಪಿದ ಸಂಘಗಳಿಗೆ ಮಾತ್ರ ಇದು ಅನ್ವಯ. ಒಪ್ಪದಿದ್ದರೆ ನಿಮ್ಮ ಎರಡನೇ ಕುಲುಮೆಯ ಇಟ್ಟಿಗೆ ಬಿಚ್ಚಿ ಮಾರಲು ಮಾಲೀಕರಿಗೆ ಪರವಾನಗಿ ಆಗಲೇ ಸಿಕ್ಕಿದೆ. ಬಿಚ್ಚಿದ ಕುಲುಮೆಯನ್ನು ಮತ್ತೆ ಕಟ್ಟಿದ್ದನ್ನು ನನ್ನ ಜೀವಮಾನದಲ್ಲಿ ನಾನು ನೋಡಿಲ್ಲ.

ಮಾತಾಡು. ಚೆನ್ನಾಗಿಯೇ ಮಾತಾಡು. ತಪಾಸಣೆ ಮೇಜಿನ ಕೆಲಸ ಹೇಗೆ ನಡೆದಿದೆ? ಬೆಳಕಿನ ಪರದೆ ಮುಂದೆ ಬಾಟಲಿ ನೋಡಿ ನೋಡಿ ನನ್ನ ಕಣ್ಣು ಹಾಳಾಯಿತು, ನಿನ್ನದು ಜೋಪಾನ. ಅರ್ಧ ಗಂಟೆ ಆಗುತ್ತಲೇ ಜೊತೆಗಾತಿಗೆ ಜಾಗ ಬಿಟ್ಟುಕೊಡು, ಹಟ ಮಾಡಬೇಡ.

ಅತ್ತೆ


ಮಾರ್ಚ್ 18, ಸೋಮವಾರ

ಅತ್ತೆಯವರಿಗೆ,

ನಿಮ್ಮ ಒಪ್ಪಂದ ಬಿದ್ದುಹೋಯಿತು.

ನಿನ್ನೆ ಪ್ಯಾಕಿಂಗ್ ಶೆಡ್ಡಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಸಂಘದ ಕಾರ್ಯದರ್ಶಿ ಯಜಮಾನರು ನನ್ನನ್ನು ಒಂದು ಮರದ ಪೆಟ್ಟಿಗೆ ಮೇಲೆ ನಿಲ್ಲಿಸಿ, "ಇವಳು ಯಾರು ಅಂತ ಗೊತ್ತಲ್ಲ? ಸಹಿ ಹಾಕಿದಾಕೆಯ ಸೋದರ ಸೊಸೆ. ಮನೆಯೋಳೇ ಏನು ಹೇಳ್ತಾಳೆ ಕೇಳಿ" ಅಂದರು. ನಿಮ್ಮ ಹಳದಿ ಕರಪತ್ರದ ವಾಕ್ಯದಿಂದ ಶುರು ಮಾಡಿದೆ. ಬೆವರನ್ನು ಹಂಚಿಕೊಳ್ಳಿ ಎನ್ನುವವರು ಲಾಭವನ್ನು ಹಂಚಿಕೊಂಡಿದ್ದಾರಾ ಎಂದು ಕೇಳಿದೆ. ಒಂದು ರೊಟ್ಟಿಯನ್ನು ನಾವು ನಾವೇ ಮುರಿದುಕೊಂಡು ತಿನ್ನುವುದಕ್ಕೆ ಒಪ್ಪಂದ ಯಾಕೆ ಬೇಕು, ಉಗ್ರಾಣದ ಬೀಗ ಒಡೆಯುವುದಕ್ಕೆ ಬೇಕು ಎಂದೆ. ತಗಡಿನ ಮಾಡು ಅದುರುವ ಹಾಗೆ ಚಪ್ಪಾಳೆ ಬಿತ್ತು.

ಮತ ಹಾಕುವ ಕ್ರಮ ನಿಮಗೆ ಮರೆತಿರಲಾರದು. ಬಾಗಿಲ ಎರಡೂ ಕಡೆ ಡಬ್ಬ, ಬಿಳಿಯದು ಒಪ್ಪಿಗೆಗೆ, ಕಪ್ಪು ಬೇಡ ಎನ್ನುವುದಕ್ಕೆ. ಹೊರಗೆ ಹೋಗುವಾಗ ಒಬ್ಬೊಬ್ಬರೂ ತಮ್ಮ ಸಂಖ್ಯೆ ಕೊರೆದ ಹಿತ್ತಾಳೆ ಬಿಲ್ಲೆಯನ್ನು ಹಾಕಿ ಹೋಗಬೇಕು, ಮಾರನೇ ದಿನ ಕೆಲಸಕ್ಕೆ ಬಂದಾಗ ಗೇಟಿನವನು ಅದನ್ನು ಎಂದಿನಂತೆ ಹಾಜರಿ ಹಲಗೆಗೆ ತೂಗುಹಾಕುತ್ತಾನೆ. ನಿನ್ನೆ ಕಪ್ಪು ಡಬ್ಬದಲ್ಲಿ ಆದ ಸದ್ದು ನೀವು ಕೇಳಬೇಕಿತ್ತು. ಅದನ್ನು ಎತ್ತಲು ಇಬ್ಬರು ಬೇಕಾದರು. ಬಿಳಿ ಡಬ್ಬವನ್ನು ಯಜಮಾನರು ಒಂದು ಬೆರಳಲ್ಲಿ ಎತ್ತಿ ಅಲ್ಲಾಡಿಸಿ ತೋರಿಸಿದರು, ಎಲ್ಲರೂ ಗೊಳ್ಳೆಂದರು.

ಅಣ್ಣ ಬಂದು ಬೆನ್ನು ತಟ್ಟಿದ. ಅವನು ನನ್ನ ಬೆನ್ನು ತಟ್ಟಿದ್ದು ನನಗೆ ನೆನಪಿರುವಂತೆ ಇದೇ ಮೊದಲು.

ಮೇಜಿನ ಕೆಲಸದ ಬಗ್ಗೆ ಕೇಳಿದ್ದೀರಿ. ಮೇಜು ಇದ್ದ ಹಾಗೇ ಇದೆ.

ಇಷ್ಟು ಗೆದ್ದ ಮೇಲೆ ಒಂದು ಕಡೆ ಕೂರಲು ಆಗಬೇಕಿತ್ತು. ಆಗುತ್ತಿಲ್ಲ. ಬೆಳಗಿನಿಂದ ಮೂರು ಸಲ ಬೀದಿಯ ತುದಿವರೆಗೆ ಹೋಗಿ ಬಂದೆ. ಗೆಲುವಿಗೂ ಒಂದು ಜ್ವರ ಇರುತ್ತದೆ ಎಂದು ಕಾಣುತ್ತದೆ.

ಸೂಜಿ


ಮಾರ್ಚ್ 21, ಗುರುವಾರ

ಸೂಜಿ,

ಗೆದ್ದವರಿಗೆ ಉದ್ದ ಪತ್ರ ಬರೆಯಬಾರದು, ಓದುವುದಿಲ್ಲ. ಎರಡೇ ಮಾತು.

ಕೆಲಸ ಇದ್ದವರ ಜೇಬಿನಲ್ಲಿ ಮಾತ್ರ ಬಿಲ್ಲೆ ಇರುತ್ತದೆ. ಕೆಲಸ ಕಳೆದುಕೊಂಡವರದ್ದು ಗೇಟಿನಲ್ಲೇ ಉಳಿಯುತ್ತದೆ. ಹಿಂದೊಮ್ಮೆ ಮಾಲೀಕರು ಹೊರಗಿನ ಆಳುಗಳನ್ನು ಸಭೆಗೆ ನುಗ್ಗಿಸಿದರೆಂದು, ಬಿಲ್ಲೆ ಇಲ್ಲದವರಿಗೆ ಮತ ಇಲ್ಲ ಎಂಬ ನಿಯಮ ಬಂತು. ಆ ಕಾಲಕ್ಕೆ ಒಳ್ಳೆಯ ನಿಯಮ. ಅಂದಮೇಲೆ ಮೊನ್ನೆ ಶೆಡ್ಡಿನ ಒಳಗೆ ಯಾರಿದ್ದರು, ಹೊರಗೆ ಯಾರಿದ್ದರು? ಚಪ್ಪಾಳೆ ತಟ್ಟಿದ್ದು ಯಾರ ಕೈ?

ಇನ್ನೊಂದು. ನಿನ್ನ ಬಿಲ್ಲೆ ಹೇಗೆ ಸದ್ದು ಮಾಡಿತು ಎಂದು ನೀನು ಬರೆಯಲಿಲ್ಲ. ಡಬ್ಬಗಳ ಸದ್ದನ್ನೆಲ್ಲ ಬರೆದವಳು ಅದೊಂದನ್ನು ಬಿಡುವವಳಲ್ಲ.

ಅತ್ತೆ


ಮಾರ್ಚ್ 30, ಶನಿವಾರ

ಸೂಜಿ,

ಒಂಬತ್ತು ದಿನವಾಯಿತು. ಬೈಯುವುದಕ್ಕಾದರೂ ಬರೆ. ನಿನ್ನ ಬೈಗುಳ ಇಲ್ಲದೆ ಇಲ್ಲಿಯ ಅಂಚೆ ಸಪ್ಪೆ.

ಆ ಪ್ರಶ್ನೆಯನ್ನು ನಾನು ಹಾಗೆ ಕೇಳಬಾರದಿತ್ತೇನೋ. ಸಭೆಯಲ್ಲಿ ಎದುರಾಳಿಯನ್ನು ಮೂಲೆಗೆ ತಳ್ಳಿ ತಳ್ಳಿ ಅದೇ ಅಭ್ಯಾಸವಾಗಿದೆ.

ಊಟ ಮಾಡುತ್ತಿದ್ದೀಯಾ?

ಅತ್ತೆ


ಏಪ್ರಿಲ್ 5, ಶುಕ್ರವಾರ

ಅತ್ತೆ,

ನನ್ನ ಬಿಲ್ಲೆ ಯಾವ ಡಬ್ಬಕ್ಕೂ ಬೀಳಲಿಲ್ಲ. ನನ್ನ ಹತ್ತಿರ ಬಿಲ್ಲೆ ಇಲ್ಲ. ಎರಡನೇ ಕುಲುಮೆ ಆರಿಸಿದ ವಾರವೇ ನಮ್ಮ ತಪಾಸಣೆ ಮೇಜನ್ನೂ ಎತ್ತಿ ಗೋಡೆಗೆ ಒರಗಿಸಿಟ್ಟರು. ಎಂಟು ತಿಂಗಳಾಯಿತು. ಮೇಜು ಇದ್ದ ಹಾಗೇ ಇದೆ ಎಂದು ಬರೆದದ್ದು ಸುಳ್ಳಲ್ಲ, ಗೋಡೆಗೆ ಒರಗಿ ಹಾಗೇ ಇದೆ.

ನಿನಗೆ ಯಾಕೆ ಹೇಳಲಿಲ್ಲ ಎಂದರೆ, ಹೇಳಿದರೆ ನೀನು ನನಗಾಗಿ ಯಾರ ಹತ್ತಿರವಾದರೂ ಹೋಗಿ ಮಾತಾಡುತ್ತೀಯ ಎಂಬ ಭಯ. ಮಾತಾಡುವುದಿಲ್ಲ ಎಂಬ ಭಯ ಅದಕ್ಕಿಂತ ದೊಡ್ಡದು. ಆಮೇಲೆ ಸಭೆಗೆ ಕರೆದಾಗ ಇನ್ನೊಂದು ಸೇರಿಕೊಂಡಿತು. ಕೆಲಸ ಇಲ್ಲದವಳೇ ಈ ಒಪ್ಪಂದ ಬೇಡ ಎಂದರೆ ಅದರಲ್ಲಿ ಸ್ವಾರ್ಥ ಇಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಎಷ್ಟು ದೊಡ್ಡ ಮನುಷ್ಯಳು ನಾನು ಎಂದು ಒಳಗೊಳಗೇ ಹಿಗ್ಗಿದ್ದೂ ಉಂಟು.

ಮೊನ್ನೆ ಈರುಳ್ಳಿ ಮಂಡಿಗೆ ಹೋಗಿದ್ದೆ. ಅಲ್ಲಿ ಎಡಚಿ ಸಿಕ್ಕಳು. ನಿನಗೆ ಅವಳ ಪರಿಚಯವಿಲ್ಲ, ಮೇಜಿನಲ್ಲಿ ನನ್ನ ಜೊತೆಗಾತಿ ಅವಳೇ. ಅರ್ಧ ಗಂಟೆ ಅವಳು ಪರದೆಯ ಮುಂದೆ ಕೂತು ಬಾಟಲಿಯ ಬಿರುಕು, ಗುಳ್ಳೆ ನೋಡುವಳು, ನಾನು ಪೆಟ್ಟಿಗೆಗೆ ಜೋಡಿಸುವೆ. ಆಮೇಲೆ ನಾನು ನೋಡುವೆ, ಅವಳು ಜೋಡಿಸುವಳು. ನಾಲ್ಕು ವರ್ಷ ಹೀಗೆ. ಈಗ ಅವಳು ಕೊಳೆತ ಈರುಳ್ಳಿ ಆರಿಸುವ ದಿನಗೂಲಿಗೆ ಕೂತಿದ್ದಾಳೆ. ಅಭ್ಯಾಸಬಲ ನೋಡು, ಒಂದೊಂದು ಈರುಳ್ಳಿಯನ್ನೂ ಎಡಗೈಯಲ್ಲಿ ಎತ್ತಿ ಬೆಳಕಿಗೆ ಹಿಡಿದೇ ಹಾಕುತ್ತಾಳೆ. ನನ್ನನ್ನು ಕಂಡವಳು ಕೈ ನಿಲ್ಲಿಸಲಿಲ್ಲ.

"ಬಾರಮ್ಮ ಭಾಷಣಗಾರ್ತಿ. ನನ್ನ ಕೆಲಸ ನನಗೆ ಬೇಡ ಅಂತ ಹೇಳಿ ಬಂದೆಯಂತೆ?"

"ನಾನು ಹಾಗಂದಿಲ್ಲ ಕಣೇ. ಅವಮಾನದ ಕೂಲಿ ಬೇಡ ಅಂದೆ."

"ಅವಮಾನ ಆಗೋದು ನನಗೆ ತಾನೆ? ಆಗುತ್ತೋ ಇಲ್ವೋ ನಾನು ನೋಡ್ಕೋತಿದ್ದೆ. ನಿನ್ನ ಯಾರು ಕೇಳಿದ್ರು?"

"ನನಗೂ ಕೆಲಸ ಹೋಗಿದೆಯಲ್ಲ. ನನ್ನದೂ ಅದೇ ಗತಿ."

"ಅದೇ ಗತೀನಾ? ನಿನಗೆ ಅಣ್ಣ ಇದಾನೆ. ನನಗೆ ಈರುಳ್ಳಿ ಇದೆ."

ನಾನೂ ಪಕ್ಕದಲ್ಲಿ ಕೂತು ಈರುಳ್ಳಿ ಆರಿಸತೊಡಗಿದೆ. ನನ್ನ ಮುಖ ನೋಡಿ ಅವಳೇ, "ಅಳ್ತಿದೀಯಾ?" ಅಂದಳು.

"ಇಲ್ಲ. ಈರುಳ್ಳಿ."

"ಒಳ್ಳೇದಾಯ್ತು ಬಿಡು, ನೆಪ ಪಕ್ಕದಲ್ಲೇ ಇದೆ. ಅತ್ತು ಮುಗಿಸು."

ಆಮೇಲೆ ಅವಳು ಹೇಳಿದ್ದು ಕೇಳು. ಮತದ ದಿನ ಅವರೆಲ್ಲ ಶೆಡ್ಡಿನ ಹೊರಗೆ ಬೇಲಿಯ ಹತ್ತಿರ ನಿಂತಿದ್ದರಂತೆ. ನನ್ನ ಮಾತು ತಗಡಿನ ಗೋಡೆ ದಾಟಿ ಅಕ್ಷರ ಬಿಡದೆ ಕೇಳಿಸಿತಂತೆ. ಒಳಗೆ ಚಪ್ಪಾಳೆ ಬಿದ್ದಾಗಲೆಲ್ಲ ಹೊರಗಿನವರು ಒಬ್ಬರ ಮುಖ ಒಬ್ಬರು ನೋಡಿಕೊಂಡರಂತೆ. ನಾನು ಆ ದಿನ ಪಕ್ಕದ ಬಾಗಿಲಿಂದ ಒಳಗೆ ಹೋದೆ, ಅಣ್ಣನ ಜೊತೆ ಪಕ್ಕದ ಬಾಗಿಲಿಂದಲೇ ಹೊರಗೆ ಬಂದೆ. ಬೇಲಿಯ ಕಡೆ ತಿರುಗಿಯೂ ನೋಡಲಿಲ್ಲ. ಸಾಸಿವೆಯಷ್ಟು ಗುಳ್ಳೆ ಇದ್ದರೂ ಬಾಟಲಿ ಎತ್ತಿ ಬಿಸಾಡುತ್ತಿದ್ದವಳು ನಾನು.

ಹೀಗಂತ ನಿನ್ನ ಒಪ್ಪಂದ ಒಳ್ಳೆಯದು ಎಂದು ನಾನು ಒಪ್ಪಿದೆ ಅಂದುಕೊಳ್ಳಬೇಡ. ಎರಡು ವರ್ಷ ಕೂಲಿ ಏರಬಾರದು ಎನ್ನುವುದು ಹಗಲುದರೋಡೆ. ಆದರೆ ಬೇಡ ಎನ್ನುವ ಹಕ್ಕು ಆ ಕೆಲಸ ಯಾರಿಗೆ ಬೇಕೋ ಅವರಿಗೂ ಇರಬೇಕು. ಅವರು ಬೇಲಿಯ ಹೊರಗೆ, ನಾನು ಪೆಟ್ಟಿಗೆಯ ಮೇಲೆ. ಇದು ಎಲ್ಲಿಯ ನ್ಯಾಯ?

ಮೂವತ್ತಕ್ಕೆ ಇನ್ನೂ ಸಮಯವಿದೆ. ಮತ್ತೆ ಮತ ಹಾಕಿಸಬಹುದಾ? ಹೇಗೆ? ಬೇಗ ಬರೆ. ಕಾಲು ಒಂದು ಕಡೆ ನಿಲ್ಲುತ್ತಿಲ್ಲ.

ಸೂಜಿ


ಏಪ್ರಿಲ್ 9, ಮಂಗಳವಾರ

ಸೂಜಿ,

ಎಂಟು ತಿಂಗಳು. ನಿನ್ನ ಅಣ್ಣನೂ ಬರೆಯಲಿಲ್ಲ, ನೀನೂ ಬರೆಯಲಿಲ್ಲ. ಕೆಲಸವಿದ್ದ ಸೊಕ್ಕಿನಲ್ಲಿ ಹುಡುಗಿ ಹಾರಾಡುತ್ತಾಳೆ ಎಂದು ನಾನು ಅಂದುಕೊಂಡಿದ್ದೆ. ಊರಿಗೆಲ್ಲ ನಿರುದ್ಯೋಗದ ಅಂಕಿ ಓದಿ ಹೇಳುವವಳಿಗೆ ಮನೆಯದ್ದೊಂದು ಲೆಕ್ಕಕ್ಕೆ ಸಿಗಲಿಲ್ಲ. ಇರಲಿ, ಅದಕ್ಕೆ ನಿನ್ನ ಕಿವಿ ಹಿಂಡುವುದು ಎದುರೆದುರೇ ಆಗಬೇಕು.

ಮತ್ತೆ ಮತ ಹಾಕಿಸಬಹುದು. ಸಂಘದ ಕಾರ್ಯದರ್ಶಿ ಕರೆದರೆ ಸಾಕು. ಅವನ ಹತ್ತಿರ ಹೋಗು. ಭಾಷಣ ಮಾಡಬೇಡ. ಅವನು ಏನು ಹೇಳುತ್ತಾನೆ ಎನ್ನುವುದನ್ನು ಒಂದು ಕಿವಿಯಲ್ಲಿ ಕೇಳು, ಅವನಿಗೆ ಏನು ಹೆದರಿಕೆ ಎನ್ನುವುದನ್ನು ಇನ್ನೊಂದು ಕಿವಿಯಲ್ಲಿ. ನಿಯಮ ನಿಯಮ ಎನ್ನುತ್ತಾನೆ. ನಿಯಮಕ್ಕೆ ಯಾರೂ ಹೆದರುವುದಿಲ್ಲ, ಮನುಷ್ಯರಿಗೆ ಹೆದರುತ್ತಾರೆ. ಯಾರಿಗೆ ಎಂದು ಗೊತ್ತಾದರೆ ದಾರಿ ಸಿಗುತ್ತದೆ.

ಬರಿಗೈಯಲ್ಲಿ ಹೋಗಬೇಡ. ನೀನು ಏನು ಬಿಡಬಲ್ಲೆ ಎಂದು ಮೊದಲು ನಿನ್ನನ್ನೇ ಕೇಳಿಕೋ. ಇದು ಕಷ್ಟದ ಕೆಲಸ. ಕುಲುಮೆ ಮುಚ್ಚಿದ ಮಾಲೀಕರಿಗೆ ದಂಡ ಹಾಕುವ ಕಲಮೊಂದು ನಮ್ಮ ಮಸೂದೆಯಲ್ಲಿತ್ತು. ಬರೆದವಳು ನಾನೇ, ಆರು ವರ್ಷ ಹಿಡಿಯಿತು. ಅದನ್ನು ಬಿಟ್ಟರೆ ಮಾತ್ರ, ಎಲ್ಲರನ್ನೂ ವಾಪಸ್ ತೆಗೆದುಕೊಳ್ಳಬೇಕು ಎನ್ನುವ ಮಾತಿಗೆ ವರ್ತಕರ ಪಕ್ಷದವರು ಬರುತ್ತಿದ್ದರು. ಬಿಟ್ಟೆ. ಆ ದಿನ ಊಟ ಸೇರಲಿಲ್ಲ. ನಮ್ಮವರು ಅದನ್ನು ಮಾರಾಟ ಎಂದರು. ಒಂದು ರೀತಿಯಲ್ಲಿ ಅದು ಮಾರಾಟವೇ. ಪ್ರಶ್ನೆ ಇರುವುದು ಪ್ರತಿಯಾಗಿ ಏನು ಬಂತು ಎನ್ನುವುದರಲ್ಲಿ.

ಇಲ್ಲಿ ಎಲ್ಲ ಮಾಮೂಲು. ನನ್ನ ಬಗ್ಗೆ ಯೋಚನೆ ಬೇಡ.

ಅತ್ತೆ


ಏಪ್ರಿಲ್ 16, ಮಂಗಳವಾರ

ಅತ್ತೆ,

ಎಡಚಿಯನ್ನು ಕರೆದುಕೊಂಡು ಯಜಮಾನರ ಹತ್ತಿರ ಹೋದೆ. ನೀನು ಹೇಳಿದ ಹಾಗೇ ಆಯಿತು. "ಬಿಲ್ಲೆ ಇಲ್ಲದೋರಿಗೆ ಮತ ಇಲ್ಲ. ನಿಯಮ" ಅಂದರು.

"ಬಿಲ್ಲೆ ಇದೆಯಲ್ಲ ಯಜಮಾನ್ರೇ" ಅಂದಳು ಎಡಚಿ. "ಗೇಟಿನ ಹಲಗೆ ಮೇಲೆ ನಮ್ಮವೆಲ್ಲ ಗೋಡೆ ಕಡೆ ಮುಖ ಮಾಡಿ ನೇತಾಡ್ತಿದಾವೆ. ಬೇಕಾದ್ರೆ ಬನ್ನಿ ತೋರಿಸ್ತೀನಿ."

ಮೂವರೂ ಗೇಟಿಗೆ ಹೋದೆವು. ಗೇಟಿನವನು ಮುದುಕ, ಯಾರಿಗೂ ಹೆದರುವವನಲ್ಲ. "ಕೆಲಸದಿಂದ ತೆಗೆದೋರ ಬಿಲ್ಲೆ ಕರಗಿಸಿ ಅಂತ ಮೇಲಿಂದ ಆಜ್ಞೆ ಬಂದಿಲ್ಲ. ತಿರುಗಿಸಿ ಹಾಕಿ ಅಂದ್ರು, ಹಾಕಿದೀನಿ. ವಾರಕ್ಕೊಂದು ಸಲ ಒರೆಸ್ತೀನಿ ಕೂಡ. ಸತ್ತೋರ ಬಿಲ್ಲೆ ಯಾರಾದ್ರೂ ಒರೆಸ್ತಾರಾ?" ಅಂದ. ಯಜಮಾನರು ಬಹಳ ಹೊತ್ತು ಆ ಹಲಗೆಯ ಮುಂದೆ ನಿಂತರು. ಅರ್ಧಕ್ಕರ್ಧ ಬಿಲ್ಲೆ ಬೆನ್ನು ತೋರಿಸುತ್ತಿತ್ತು.

ಅಲ್ಲೇ, ಗೇಟಿನ ಕಟ್ಟೆ ಮೇಲೆ ಕೂತು, ಅವರ ಹೆದರಿಕೆ ಹೊರಗೆ ಬಂತು. ಹೊರಗಿನವರಿಗೆ ಮತ ಕೊಟ್ಟರೆ ಒಳಗಿನವರು ಸಂಘ ಬಿಟ್ಟು ಹೋಗುತ್ತಾರೆ ಎನ್ನುವುದು. "ಎರಡು ವರ್ಷ ಕೂಲಿ ಏರಲ್ಲ ಅಂತ ನಾನು ಯಾವ ಮುಖ ಇಟ್ಕೊಂಡು ಹೇಳ್ಲಿ ಮಗಳೇ? ನನ್ನ ಬಟ್ಟೆ ಹರೀತಾರೆ. ಒಂದು ವರ್ಷ ಅಂದ್ರೆ ಹೇಗಾದ್ರೂ ಕಾಲು ಹಿಡೀಬಹುದು."

"ಒಂದು ವರ್ಷ ಆದರೆ ಎಲ್ಲರಿಗೂ ಮತ ಕೊಡ್ತೀರಾ?" ಅಂದೆ. ಅಂದ ಮೇಲೆ ನನಗೇ ನಂಬಿಕೆ ಬರಲಿಲ್ಲ. ಚೌಕಾಸಿ ಮಾಡುತ್ತಿದ್ದೇನೆ! ಒಂದು ವರ್ಷದ ಕೂಲಿ ಏರಿಕೆಯನ್ನು ನನ್ನ ಬಾಯಿಂದ ನಾನೇ ಬಿಟ್ಟುಕೊಟ್ಟೆ. ಯಜಮಾನರು "ಕೊಡ್ತೀನಿ. ರಾಜಧಾನಿಯಿಂದ ಬರಹದಲ್ಲಿ ಬರಲಿ" ಅಂದರು. ದಾರಿಯಲ್ಲಿ ಎಡಚಿ, "ದಲ್ಲಾಳಿ ಕೆಲಸಕ್ಕೆ ಸೇರಿದೆ ಅಂತಾಯ್ತು. ಕಮಿಷನ್ ಎಷ್ಟಮ್ಮ?" ಅಂತ ಛೇಡಿಸಿದಳು. ನಗು ಬರಲಿಲ್ಲ.

ಮನೆಯಲ್ಲಿ ಆದದ್ದನ್ನು ಬರೆಯದೆ ಇರಬೇಕೆಂದಿದ್ದೆ. ಬರೆಯುತ್ತೇನೆ. ಅಣ್ಣನಿಗೆ ಗೇಟಿನ ಸುದ್ದಿ ನಾನು ಮನೆ ಮುಟ್ಟುವ ಮೊದಲೇ ಮುಟ್ಟಿತ್ತು.

"ಆರು ದಿನದ ಕೂಲಿಯಲ್ಲಿ ನಾಲ್ಕು ಹೊಟ್ಟೆ ನಡೀತಿದೆ. ಅದರಲ್ಲಿ ಒಂದು ನಿನ್ನದು. ಐದು ದಿನದ ಕೂಲೀಲಿ ಹೇಗೆ ನಡೆಸ್ಲಿ? ನನ್ನ ತಟ್ಟೆಯಲ್ಲೇ ತಿಂದು ನನ್ನ ತಟ್ಟೆಗೇ ಮಣ್ಣು ಹಾಕ್ತೀಯಾ?"

"ನನಗೂ ಕೆಲಸ ಬರುತ್ತಲ್ಲ ಅಣ್ಣ. ಮನೆಗೆ ಎರಡು ಕೂಲಿ ಬರುತ್ತೆ."

"ಬಂದರೆ! ಬರದೆ ಇದ್ರೆ? ಮಾಲೀಕರ ಮಾತು ನಂಬಬೇಡಿ ಅಂತ ಪೆಟ್ಟಿಗೆ ಮೇಲೆ ನಿಂತು ಹೇಳಿದೋಳು ನೀನು. ನಾನು ಅದನ್ನ ನಂಬಿದೆ!"

ಅವನು ನನ್ನ ಮಾತನ್ನು ನಂಬಿದ್ದಾನೆ, ನಾನು ಅದರಿಂದ ಅರ್ಧ ದಾರಿ ಹೊರಗೆ ಬಂದಿದ್ದೇನೆ. ಆವತ್ತಿನಿಂದ ಮಾತು ಬಿಟ್ಟಿದ್ದಾನೆ. ಅತ್ತಿಗೆ ನಮ್ಮಿಬ್ಬರಿಗೂ ಬೇರೆ ಬೇರೆ ಹೊತ್ತಿಗೆ ಬಡಿಸುತ್ತಾಳೆ. ಅವನು ಕೇಳಿದ ಪ್ರಶ್ನೆಯನ್ನು ನಿನಗೆ ಕೇಳುತ್ತೇನೆ. ಎಲ್ಲರೂ ಒಪ್ಪಿದ ಮೇಲೆ ಮಾಲೀಕರು ಕುಲುಮೆ ಹೊತ್ತಿಸದೆ ಹೋದರೆ?

ಒಂದು ವರ್ಷ ಮಾಡಿಸಿ ಕೊಡು. ಉತ್ತರವನ್ನೂ ಕೊಡು.

ಸೂಜಿ


ಏಪ್ರಿಲ್ 19, ಶುಕ್ರವಾರ

ಸೂಜಿ,

ಆತುರದಲ್ಲಿ ಬರೆಯುತ್ತಿದ್ದೇನೆ. ಒಂದು ವರ್ಷ ಆಯಿತು. ವಿಧಾನಸಭೆಯ ಮುದ್ರೆ ಬಿದ್ದ ಪ್ರತಿ ಇದರ ಜೊತೆ ಇದೆ, ನಿಮ್ಮ ಕಾರ್ಯದರ್ಶಿ ಯಜಮಾನನಿಗೆ ಕೊಡು.

ಅದಕ್ಕೆ ಬೆಲೆ: ಆ ಒಂದು ವರ್ಷ ನಿಮ್ಮಲ್ಲಿ ಮುಷ್ಕರ ಇಲ್ಲ. ಓದಿದ ತಕ್ಷಣ ಈ ಕಾಗದ ಹರಿಯಬೇಡ, ಕೆಳಗಿನದನ್ನೂ ಓದು.

ನಿನ್ನ ಅಣ್ಣನ ಪ್ರಶ್ನೆ ಸರಿಯಾದದ್ದು. ನನ್ನ ಪಕ್ಷದ ಪಂಡಿತರು ಯಾರೂ ಅದನ್ನು ಕೇಳಲಿಲ್ಲ. ಹಾಗಾಗಿ ಒಂದು ಸಾಲು ಸೇರಿಸಿದೆ. ಮತವಾದ ಅರವತ್ತು ದಿನದೊಳಗೆ ಎರಡನೇ ಕುಲುಮೆಗೆ ಬೆಂಕಿ ಬೀಳದಿದ್ದರೆ ರಿಯಾಯಿತಿ ರದ್ದು, ಆರು ದಿನದ ಕೂಲಿ ವಾಪಸ್, ಮುಷ್ಕರದ ಹಕ್ಕೂ ವಾಪಸ್. ವರ್ತಕರ ಪಕ್ಷದ ಆ ಮುಖಂಡ ಒಂದು ಗಂಟೆ ಗೊಣಗಿದ, ಆಮೇಲೆ ಸಹಿ ಹಾಕಿದ. "ಈ ಸಾಲು ನಿಮ್ಮದಲ್ಲ, ಯಾರದ್ದು?" ಎಂದು ಕೇಳಿದ. ಕುಲುಮೆಯಲ್ಲಿ ಕೆಲಸ ಮಾಡುವವನದ್ದು ಎಂದೆ.

ಇದನ್ನು ನಿನ್ನ ಅಣ್ಣನಿಗೆ ಹೇಳು. ಅವನು ಕೇಳದಿದ್ದರೂ ಹೇಳು.

ನನಗೆ ಈಗ ಸ್ವಲ್ಪ ಬಿಡುವಿದೆ. ಬರಬಹುದಾ?

ಅತ್ತೆ


ಏಪ್ರಿಲ್ 23, ಮಂಗಳವಾರ

ಅತ್ತೆ,

ನಿನ್ನ ಕಾಗದದ ತಲೆಯ ಮೇಲೆ ಈ ಸಲ ಶಾಸಕಿಯ ಹೆಸರು ಅಚ್ಚಾಗಿರಲಿಲ್ಲ. ಅಂಗಡಿಯ ಗೆರೆ ಕಾಗದ. ಆತುರ ಎಂದುಕೊಂಡೆ. ನಿನ್ನೆ ಪತ್ರಿಕೆ ನೋಡಿದ ಮೇಲೆ ಗೊತ್ತಾಯಿತು. ಆ ಸಹಿಗಾಗಿ ಪಕ್ಷದಿಂದ ನಿನ್ನನ್ನು ಹೊರಗೆ ಹಾಕಿ ಎರಡು ವಾರವೇ ಆಗಿದೆಯಂತೆ. ಅಂದರೆ "ಇಲ್ಲಿ ಎಲ್ಲ ಮಾಮೂಲು" ಎಂದು ಬರೆದ ಹೊತ್ತಿಗೆ ಅದು ನಡೆದುಹೋಗಿತ್ತು. ಪಕ್ಷ ಕೊಟ್ಟಿದ್ದ ಕೋಣೆಯನ್ನೂ ಖಾಲಿ ಮಾಡಿಸಿದ್ದಾರಂತೆ. ಪಕ್ಷದ ಬೆಂಬಲವಿಲ್ಲದೆ, ಒಬ್ಬಳೇ ಹೋಗಿ ಆ ಒಂದು ವರ್ಷವನ್ನು ಹೇಗೆ ತಂದೆ? ಕೆಲಸ ಹೋದದ್ದನ್ನು ಮುಚ್ಚಿಡುವುದು ನಮ್ಮ ವಂಶದ ಕಾಯಿಲೆ ಎಂದು ಕಾಣುತ್ತದೆ.

ಪಕ್ಷದವರು ತಮ್ಮ ಹೇಳಿಕೆಯಲ್ಲಿ ನಿನ್ನದೇ ಹಳದಿ ಕರಪತ್ರದ ವಾಕ್ಯ ಉದಾಹರಿಸಿದ್ದಾರೆ. ಯಾರು ಕೊಟ್ಟರೋ ಅವರಿಗೆ! ಸಭೆಯಲ್ಲಿ ನಾನು ಹೇಳಿದ್ದನ್ನು ಪತ್ರಿಕೆಯವರು ಬರೆದುಕೊಂಡು ಹೋಗಿದ್ದರು. ನಿನ್ನೆಯಿಂದ ಇದೊಂದು ಎದೆಯಲ್ಲಿ ಕುಟುಕುತ್ತಿದೆ. ಕ್ಷಮಿಸು ಎಂದು ಬರೆದರೆ ನೀನು ನಗುತ್ತೀಯ. ಆದರೂ ಬರೆದೆ.

ಮುಷ್ಕರದ ಮಾತು ಓದಿ ಕಾಗದ ಹರಿಯಲಿಲ್ಲ. ಎದ್ದು ಹೋಗಿ ನದಿ ಕಡೆಯ ಬೀದಿ ಪೂರ್ತಿ ನಡೆದು ಬಂದೆ. ಆಮೇಲೆ ಕೆಳಗಿನದನ್ನು ಓದಿದೆ. ಅಣ್ಣನ ಮುಂದೆ ಗಟ್ಟಿಯಾಗಿ ಓದಿದೆ, ಅವನು ಬೂಟಿನ ದಾರ ಕಟ್ಟುತ್ತಿದ್ದ. ಅರವತ್ತು ದಿನದ ಸಾಲು ಬಂದಾಗ ಕೈ ನಿಂತಿತು. "ಅದು ನಾನು ಕೇಳಿದ್ದಲ್ವಾ?" ಅಂದ. ಹೌದು ಎಂದೆ. "ಆದ್ರೂ ನಾನು ಕಪ್ಪು ಡಬ್ಬಕ್ಕೇ ಹಾಕೋದು" ಅಂದು ಪಾಳಿಗೆ ಹೋದ. ಹಾಕಲಿ. ಅದು ಅವನ ಬಿಲ್ಲೆ. ಅವನನ್ನು ತಪ್ಪು ಎನ್ನಲು ನನಗೆ ಬಾಯಿ ಬರುತ್ತಿಲ್ಲ. ಒಂದು ತಿಂಗಳ ಹಿಂದಾಗಿದ್ದರೆ ಬರುತ್ತಿತ್ತು.

ಯಜಮಾನರು ಮುದ್ರೆಯನ್ನು ಮೂರು ಸಲ ಬೆರಳಿಂದ ಉಜ್ಜಿ ನೋಡಿ ಮತಕ್ಕೆ ದಿನ ಗೊತ್ತು ಮಾಡಿದರು. ನಿನ್ನೆ ಗೇಟಿನವನು ಹಲಗೆಯ ಮುಂದೆ ಮೆಟ್ಟಿಲು ಹಾಕಿಕೊಂಡು ಒಂದೊಂದೇ ಬಿಲ್ಲೆ ತಿರುಗಿಸಿದ. ನೋಡಲು ಜನ ಸೇರಿದ್ದರು. ಯಾರೂ ಜೈಕಾರ ಹಾಕಲಿಲ್ಲ. ತಮ್ಮ ತಮ್ಮ ಸಂಖ್ಯೆ ಹುಡುಕುತ್ತಾ ನಿಂತಿದ್ದರು. ಎಡಚಿಗೆ ತನ್ನದು ಬೇಗ ಸಿಗಲಿಲ್ಲ, ಆಗ ಅವಳ ಮುಖ ನೋಡಬೇಕಿತ್ತು. ಸಿಕ್ಕಿದ ಮೇಲೆ ಸೆರಗಿನ ತುದಿಗೆ ಕಟ್ಟಿಕೊಂಡು, "ಇನ್ನು ನನ್ನ ಪರ ನಾನೇ ಮಾತಾಡ್ತೀನಿ, ನೀನು ಬಾಯಿಗೆ ವಿರಾಮ ಕೊಡು" ಅಂದಳು.

ಕೊಡುವುದಿಲ್ಲ. ಈ ಸಲವೂ ಮಾತಾಡುತ್ತೇನೆ. ಒಪ್ಪಿ ಎಂದೇ ಹೇಳುತ್ತೇನೆ. ಇದು ನ್ಯಾಯ ಎಂದು ಹೇಳುವುದಿಲ್ಲ, ಅಲ್ಲವಲ್ಲ. ಒಂದು ವರ್ಷದ ಕೂಲಿ ಏರಿಕೆ, ಒಂದು ವರ್ಷದ ಮುಷ್ಕರದ ಹಕ್ಕು, ಮಾಲೀಕರ ಮೇಲಿನ ದಂಡ, ನಿನ್ನ ಕುರ್ಚಿ, ಇಷ್ಟನ್ನು ಕೊಟ್ಟು ನಾವು ಏನು ತೆಗೆದುಕೊಳ್ಳುತ್ತಿದ್ದೇವೆ ಎಂದು ಎಲ್ಲರ ಎದುರು ಹೇಳುತ್ತೇನೆ. ಕೂಗುವವರು ಕೂಗಲಿ, ಮೊದಲ ಸಲ ಚಪ್ಪಾಳೆ ತಟ್ಟಿದವರೇ ಕೂಗುತ್ತಾರೆ. ಗೆಲ್ಲುತ್ತೇವೋ ಇಲ್ಲವೋ ದೇವರಾಣೆಗೂ ಗೊತ್ತಿಲ್ಲ. ಒಳಗಿನವರು, ಹೊರಗಿನವರು ಹೆಚ್ಚು ಕಡಿಮೆ ಸರಿಸಮ. ಅತ್ತಿತ್ತ ವಾಲುವ ನಾಲ್ಕು ಜನರ ಕೈಯಲ್ಲಿದೆ. ಸೋತರೆ ಮೇ ಒಂದನೇ ತಾರೀಖಿನಿಂದಲೇ ಇಟ್ಟಿಗೆ ಬಿಚ್ಚುತ್ತಾರೆ. ಲಾರಿಗಳಿಗೆ ಹೇಳಿಯೂ ಆಗಿದೆಯಂತೆ.

ಬರಬಹುದಾ ಎಂದು ಕೇಳಿದ್ದೀಯ. ಇದೂ ಒಂದು ಕೇಳುವ ಮಾತಾ? ಆದರೆ ವೇದಿಕೆ ಸಿಗುವುದಿಲ್ಲ, ಶಾಸಕಿ ಎಂದು ಯಾರೂ ಎದ್ದು ನಿಲ್ಲುವುದಿಲ್ಲ, ಬೈಯುವವರು ಬಾಯಿ ತುಂಬ ಬೈಯುತ್ತಾರೆ. ನೀನು ಜನರ ಮಧ್ಯೆ ಕೂತು, ಕೇಳಿದ್ದಕ್ಕೆ ಉತ್ತರ ಹೇಳಬೇಕು. ಅಣ್ಣನೂ ಕೇಳುತ್ತಾನೆ. ಅವನಿಗೆ ಚೆನ್ನಾಗಿ ಉತ್ತರ ಕೊಡು.

ಮತ ಭಾನುವಾರ, ಏಪ್ರಿಲ್ ಇಪ್ಪತ್ತೆಂಟು. ಸಭೆ ಹತ್ತು ಗಂಟೆಗೆ. ಬೇಲಿಯ ಕಡೆಯ ದೊಡ್ಡ ಬಾಗಿಲು ಈ ಸಲ ತೆರೆದಿಡುತ್ತಾರೆ, ನಾನು ಅಲ್ಲಿ ನಿಂತಿರುತ್ತೇನೆ. ಒಂಬತ್ತೂವರೆಗೆ ಬಾ.

ಸೂಜಿ